ಅಮ್ಮನ ಮದ್ದಿನ ಚೀಲ ಮತ್ತು ಪಾಲಿಯೇಟಿವ್ ಸಿಸ್ಟರ್

“ಅಮ್ಮಾ, ಇದು ಯಾವ ರಾಜ್ಯ?”

“ಮದ್ರಾಸು.”

“ಜಿಲ್ಲೆ?”

“ಸೌತ್ ಕೆನರಾ. ಅಷ್ಟೂ ಗೊತ್ತಿಲ್ವಾ ನಿನಗೆ?”

ಮರೆವಿನ ಪರೀಕ್ಷೆ ಮಾಡುತ್ತಿದ್ದ ಡಾಕ್ಟರು ಚಿಕ್ಕ ಪ್ರಾಯದವರು, ಕಣ್ಣೂರಿನ ಆಚೆಯವರು. ನನ್ನ ಮುಖ ನೋಡಿದರು. ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅದೇ ಸರಿ ಉತ್ತರ ಎಂದು ನಾನು ಹೇಳಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು, ಕಾಸರಗೋಡು ಜಿಲ್ಲೆಯಾಗಿದ್ದು 1984ರಲ್ಲಿ. ಮಾರ್ಕು ಸಿಗಲಿಲ್ಲ, ಬಿಡಿ. ಆದರೆ ಆಮೇಲೆ ಅವರು ಪ್ರಶ್ನೆ ಬದಲಿಸಿದರು. ದುಡ್ಡಿನ ಲೆಕ್ಕ ಯಾವಾಗಿಂದ ತಪ್ಪುತ್ತಿದೆ, ಸ್ನಾನ ಆಗಿದೆಯೋ ಇಲ್ಲವೋ ಎನ್ನುವ ನೆನಪಿದೆಯಾ, ತೋಟದಿಂದ ಒಬ್ಬರೇ ವಾಪಸ್ ಬರುತ್ತಾರಾ ಎಂದೆಲ್ಲ ನನ್ನನ್ನೂ ಹೆಂಡತಿಯನ್ನೂ ಕೇಳಿದರು. ಕಾಯಿಲೆ ಗೊತ್ತಾಗುವುದು ಇಂಥ ಮಾತಿನಲ್ಲೇ.

ಅರುವತ್ತಕ್ಕೆ ಅರಳುಮರಳು ಎಂದು ನೆಂಟರೆಲ್ಲ ಸಮಾಧಾನ ಹೇಳಿದ್ದರು. ಅಮ್ಮನಿಗೆ ಎಂಬತ್ತು ದಾಟಿತ್ತು, ಅದು ಬೇರೆ ವಿಷಯ. ನಮ್ಮ ಸರಕಾರಿ ಆಸ್ಪತ್ರೆಯ ಆ ಡಾಕ್ಟರು ಮಾತ್ರ ಮಂಗಳೂರಿಗೆ ಕಳಿಸುವ ಮೊದಲೇ ಥೈರಾಯ್ಡ್, ಬಿ12, ಸೋಡಿಯಂ ನೋಡಿಸಿದರು. ಇವು ಏರುಪೇರಾದರೂ ಮರೆವು ಬರುತ್ತದೆ, ಅದಕ್ಕೆ ಮದ್ದುಂಟು. ಅಮ್ಮನಿಗೆ ಅವೆಲ್ಲ ಸರಿಯಿತ್ತು. ಮಂಗಳೂರಿನಲ್ಲಿ ಸ್ಕ್ಯಾನ್ ಆಯಿತು, ಆಲ್‌ಝೈಮರ್ ಎಂದರು, ಡೊನೆಪೆಝಿಲ್ ಬರೆದುಕೊಟ್ಟರು. ಅದು ಕಾಯಿಲೆ ವಾಸಿ ಮಾಡುವ ಮಾತ್ರೆ ಅಲ್ಲ, ಮರೆವಿನ ತೊಂದರೆಯನ್ನು ಸ್ವಲ್ಪ ಕಾಲ ಹಗುರ ಮಾಡಬಹುದು ಅಷ್ಟೇ. ದೊಡ್ಡ ಡಾಕ್ಟರ ಕೆಲಸ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಉಳಿದ ದಿನಗಳೆಲ್ಲ ಮನೆಯದ್ದು. ಅಲ್ಲಿ ಬೇಕಾಗುವುದು ಹತ್ತಿರದವರು.

ಕಳೆದ ಮಳೆಗಾಲದಲ್ಲಿ ಅಮ್ಮ ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ಎದ್ದು ಕೂರತೊಡಗಿದರು. ಗೋಡೆ ಹತ್ತಿರ ಯಾರೋ ನಿಂತಿದ್ದಾರೆ, ಅವರಿಗೆ ಚಾ ಕೊಡು ಎನ್ನುವರು. ಸೆರಗು ಕಿತ್ತು ಎಳೆಯುವರು. ಎರಡು ದಿನದ ಹಿಂದೆ ತಾನೇ ಉಂಡು, ತಟ್ಟೆ ತೊಳೆದಿಟ್ಟವರು! ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಮರೆವು ಜೋರಾಗಿದೆ ಎಂದು ನಿದ್ದೆ ಮಾತ್ರೆ ಕೊಟ್ಟರು. ಅಮ್ಮ ಹಗಲೂ ತೂಕಡಿಸಿದರು, ರಾತ್ರಿ ಗೋಳು ಹಾಗೇ ಇತ್ತು.

ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಪಾಲಿಯೇಟಿವ್ ಸಿಸ್ಟರ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡಲು ಮನೆಗೆ ಬರುವ ನರ್ಸ್, ಬಂದರು. ಮಲಯಾಳಂ ಮಾತಾಡುವವರು. ಆದರೂ “ನೋವುಂಟಾ ಅಮ್ಮಾ?” ಎನ್ನುವಷ್ಟು ನಮ್ಮ ಮಾತು ಕಲಿತಿದ್ದಾರೆ. ಅವರು ಮರೆವಿನ ಸುದ್ದಿಗೇ ಹೋಗಲಿಲ್ಲ. ನಾಲಗೆ ನೋಡಿದರು, ಒಣಗಿತ್ತು. ಹೊಟ್ಟೆ ಒತ್ತಿದರು. ಎಷ್ಟು ದಿನಕ್ಕೊಮ್ಮೆ ಹೊರಗೆ ಹೋಗುತ್ತಾರೆ, ಮೂತ್ರ ವಾಸನೆ ಬರುತ್ತದಾ, ದಿನಕ್ಕೆ ಎಷ್ಟು ಲೋಟ ನೀರು ಎಂದು ಕೇಳಿದರು. ಮೂತ್ರ ಪರೀಕ್ಷೆ ಮಾಡಿಸಿದರೆ ಸೋಂಕು! ಜ್ವರವೇ ಇರಲಿಲ್ಲ. ಈ ಪ್ರಾಯದಲ್ಲಿ ಜ್ವರ ಬಾರದೆಯೂ ಸೋಂಕು ಇರುತ್ತದೆ, ತಲೆ ಗೊಂದಲವೊಂದೇ ಲಕ್ಷಣ ಆಗಿರಬಹುದು ಎಂದರು. ಒಂದೆರಡು ದಿನದಲ್ಲಿ ದಿಢೀರನೆ ಕೆಟ್ಟರೆ ಅದು ಮರೆವಿನ ಓಟ ಅಲ್ಲ, ಬೇರೇನೋ ಕಾರಣ ಹುಡುಕಬೇಕು ಅಂತೆ. ಸೋಂಕಿನ ಮಾತ್ರೆ ಮುಗಿಯುವ ಹೊತ್ತಿಗೆ ಗೋಡೆಯ ಹತ್ತಿರದ ನೆಂಟರು ಹೊರಟುಹೋಗಿದ್ದರು.

ಅವತ್ತೇ ಸಿಸ್ಟರ್ ಮದ್ದಿನ ಪ್ಲಾಸ್ಟಿಕ್ ಚೀಲ ಚಾಪೆ ಮೇಲೆ ಸುರಿದರು. ಎರಡು ಬಣ್ಣದ ಸ್ಟ್ರಿಪ್ಪು, ಎರಡು ಕಂಪೆನಿ ಹೆಸರು. ಅದರಡಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡರಲ್ಲೂ ಅಟೆನೊಲಾಲ್. ಬಿಪಿ ಮಾತ್ರೆ ಎಂದು ಎರಡೂ ಹೋಗುತ್ತಿತ್ತು! ಅಟೆನೊಲಾಲ್ ನಾಡಿ ನಿಧಾನ ಮಾಡುತ್ತದೆ, ಡೊನೆಪೆಝಿಲ್ ಕೂಡ ಮಾಡಬಹುದು. ಕೈ ಹಿಡಿದು ನಾಡಿ ಎಣಿಸಿದರು, ನಿಮಿಷಕ್ಕೆ 48, ತೀರಾ ಕಡಿಮೆ. ಫೋನಿನಲ್ಲೇ ಡಾಕ್ಟರಿಗೆ ಹೇಳಿ ಒಂದನ್ನು ಆಗಲೇ ನಿಲ್ಲಿಸಿದರು, ಮರುದಿನ ಇಸಿಜಿ ಆಯಿತು. ಶೀತಕ್ಕೆಂದು ಆಗಾಗ ಕೊಡುತ್ತಿದ್ದ ಸಿಪಿಎಂ (ಕ್ಲೋರ್‌ಫೆನಿರಮಿನ್) ಮಾತ್ರೆಯೂ ಬೇಡ ಎಂದರು. ಅಗ್ಗದ, ಎಲ್ಲರ ಮನೆಯಲ್ಲೂ ಇರುವ ಮಾತ್ರೆ. ಮುದುಕರಿಗೆ ಅದು ತಲೆಗೆ ಮಂಕು ಕವಿಸುತ್ತದೆ, ಮೂತ್ರವನ್ನೂ ಕಟ್ಟಿಸಬಹುದು.

2008ರಲ್ಲೇ ಕೇರಳ ಸರಕಾರ ಪಾಲಿಯೇಟಿವ್ ನೀತಿ ತಂದದ್ದು. ಪಂಚಾಯತಿನ ದುಡ್ಡಿನಲ್ಲಿ ಸಿಸ್ಟರ್ ಮನೆಗೇ ಬರುತ್ತಾರೆ. ಆದರೆ ನಮ್ಮ ಜನ ಪಾಲಿಯೇಟಿವ್ ಜೀಪು ಕಂಡರೆ ಸಾಕು, “ಕ್ಯಾನ್ಸರಾ? ಇನ್ನೆಷ್ಟು ದಿನವಂತೆ?” ಎಂದು ಕೇಳುತ್ತಾರೆ. ನಡೆದಾಡುವವರಿಗೆ ಅದು ಬೇಡ ಎಂಬ ಲೆಕ್ಕ. ನಮ್ಮ ಕಷ್ಟವೇ ಅಮ್ಮ ನಡೆದಾಡುವುದು ಅಲ್ವಾ? ಹಾಸಿಗೆ ಹಿಡಿದಿದ್ದರೆ ಕೆರೆಯ ದಾರಿಗೆ ಗೇಟು ಹಾಕಬೇಕಿರಲಿಲ್ಲ.

ಸಂಜೆ ನಾಲ್ಕರಿಂದ ಆರರವರೆಗೆ ಜಾಸ್ತಿ ಕಷ್ಟ. “ಮನೆಗೆ ಹೋಗುವ” ಎಂದು ಸೀರೆ ಮಡಚತೊಡಗುತ್ತಾರೆ. ಇದೇ ಮನೆ ಎಂದು ವಾದಿಸಿ ಪ್ರಯೋಜನ ಇಲ್ಲ. ಆ ಹೊತ್ತಿಗೆ ಮೊದಲೇ ಲೈಟು ಹಾಕುತ್ತೇವೆ, ಜಗಲಿಯಲ್ಲಿ ಮೊರದ ತುಂಬ ಸುಲಿದ ಅಡಿಕೆ ಇಡುತ್ತೇವೆ. ನನ್ನನ್ನು ಅಣ್ಣ ಎನ್ನುವ ಅಮ್ಮ ಕರಿಗೋಟನ್ನು, ಅಂದರೆ ಕೆಟ್ಟು ಕಪ್ಪಾದ ಅಡಿಕೆಯನ್ನು, ಒಂದೂ ಬಿಡದೆ ಬೇರೆ ಮಾಡುತ್ತಾರೆ. ಮೊನ್ನೆ ನಾನು ಆರಿಸಿದ ರಾಶಿಯಿಂದ ನಾಲ್ಕು ಎತ್ತಿ ನನ್ನ ಕಡೆಗೇ ಎಸೆದರು.

ಕಳೆದ ಸಲ ಸಿಸ್ಟರ್ ಅಮ್ಮನ ಬಿಪಿ ನೋಡಿ, ಪಟ್ಟಿ ಸುತ್ತಿಡದೆ “ನಿಮ್ಮದೂ ಕೊಡಿ” ಎಂದು ನನ್ನ ಹೆಂಡತಿಯ ತೋಳಿಗೆ ಕಟ್ಟಿದರು. 160/100. “ಅಯ್ಯೋ, ರಾತ್ರಿ ನಿದ್ದೆ ಇಲ್ಲದ್ದಕ್ಕೆ” ಎಂದಳು ಇವಳು. “ಅದಕ್ಕೇ ನೋಡಿದ್ದು” ಎಂದರು ಸಿಸ್ಟರ್. ಈಗ ಆಸ್ಪತ್ರೆಯಲ್ಲಿ ಇವಳ ಹೆಸರಲ್ಲೂ ಒಂದು ಚೀಟಿ ಉಂಟು. ಮುಂದಿನ ವಾರದಿಂದ ಹತ್ತು ದಿನ ಇವಳು ತವರಿಗೆ, ಬೆಂಗಳೂರಿನ ತಂಗಿ ಇಲ್ಲಿಗೆ. “ಅಮ್ಮ ಫೋನಲ್ಲಿ ಚೆನ್ನಾಗೇ ಮಾತಾಡ್ತಾರಲ್ಲಾ ಅಣ್ಣ” ಎನ್ನುತ್ತಾಳೆ ತಂಗಿ. ಬರಲಿ. ರಾತ್ರಿ ಪಾಳಿ ಅವಳದ್ದೇ.