ಹತ್ತನೇ ಕ್ಲಾಸಿನ ಐದು ನಿಮಿಷ: ಜುಲೈಯಿಂದ ಜನವರಿವರೆಗೆ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಬಂದದ್ದು ಶೇ. 42.43. ರಾಜ್ಯಕ್ಕೇ ಕೊನೆ. ಟಿವಿಯಲ್ಲೂ ಅದೇ ಮಾತು, ಚಾ ಅಂಗಡಿಯಲ್ಲೂ ಅದೇ ಮಾತು. ಪರೀಕ್ಷೆ ಬರೆದವರು ಹೋದ ವರ್ಷದವರು, ತಲೆ ತಗ್ಗಿಸಿ ಕೂತವರು ಈ ವರ್ಷದವರು. ನಾನು ಗಣಿತದ ಟೀಚರ್, ಮನಶ್ಶಾಸ್ತ್ರ ಓದಿದವಳಲ್ಲ. ಆದರೂ ಮೊದಲ ಪೀರಿಯಡ್ಡಿನ ಐದು ನಿಮಿಷ ಲೆಕ್ಕ ಬಿಟ್ಟು ಮಕ್ಕಳ ಮನಸ್ಸಿಗೆ ಇಡೋಣ ಅಂದುಕೊಂಡೆ.

ಜುಲೈ, ಮೊದಲ ವಾರ

“ನಾನು ಜಾಣ, ನನಗೆ ಗಣಿತ ಬರುತ್ತದೆ” ಅಂತ ಬೋರ್ಡ್ ಮೇಲೆ ಬರೆದೆ. ಮಕ್ಕಳು ಮಗ್ಗಿ ಒಪ್ಪಿಸೋ ರಾಗದಲ್ಲಿ ಹೇಳಿದರು. ನನಗೂ ಖುಷಿ. ಮೂರನೇ ದಿನ ನೋಡಿದರೆ ಕಿಟಕಿ ಪಕ್ಕದ ಹುಡುಗಿಯ ತುಟಿ ಅಲುಗುತ್ತಿಲ್ಲ. ಆಮೇಲೆ ಕರೆದು ಕೇಳಿದೆ. ವೇಲಿನ ತುದಿ ಬೆರಳಿಗೆ ಸುತ್ತುತ್ತಾ, “ಸುಳ್ಳು ಹೇಳಿದಂಗ ಆಗ್ತದ್ರೀ ಟೀಚರ್. ನಂಗ ಲೆಕ್ಕ ಬರಂಗಿಲ್ಲಂತ ನಿಮಗೂ ಗೊತ್ತದ. ಒದರಿದಷ್ಟೂ ಅದೇ ನೆನಪಾಗ್ತದ” ಅಂದಳು.

ಆ ರಾತ್ರಿ ಕೂತು ಓದಿದೆ. ಕೆನಡಾದ ಮನಶ್ಶಾಸ್ತ್ರಜ್ಞೆ ಜೊವಾನ್ ವುಡ್ ಮತ್ತು ಜೊತೆಗಾರರು 2009ರಲ್ಲೇ ಈ ಹುಡುಗಿಯ ಮಾತನ್ನು ಪ್ರಯೋಗ ಮಾಡಿ ತೋರಿಸಿದ್ದರು. ತಮ್ಮ ಬಗ್ಗೆ ತಮಗೇ ಒಳ್ಳೆ ಅಭಿಪ್ರಾಯ ಇಲ್ಲದವರು ತಮ್ಮನ್ನೇ ಹೊಗಳಿಕೊಂಡರೆ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮೊದಲೇ ಗಟ್ಟಿ ಇದ್ದವರಿಗೆ ತುಸು ಹಿತ, ಅಷ್ಟೇ. ಮಾರನೇ ದಿನ ಬೋರ್ಡ್ ಒರೆಸಿದೆ.

ಆಗಸ್ಟ್

ಈಗ ಸಾಲು ಅವರದೇ. ಷರತ್ತು ಒಂದೇ, ಅದು ಖರೆ ಇರಬೇಕು. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದುಕೊಂಡರೆ ಸಾಕು, ಗಟ್ಟಿಯಾಗಿ ಓದಬೇಕಿಲ್ಲ. ಒಬ್ಬ “ನಿನ್ನೆ ಎರಡು ಲೆಕ್ಕ ಬಿಡಿಸಿದೆ, ಒಂದು ತಪ್ಪು” ಅಂತ ಬರೆದ. ಇನ್ನೊಬ್ಬಳು, “ಅವ್ವ ಪುಣೆದಾಗ ಅದಾಳ, ತಮ್ಮಗ ನಾನೇ ರೊಟ್ಟಿ ಬಡೀತೀನಿ.” ಇದು ಓದಿನ ಸಾಲಲ್ಲ ಅಂತ ತಿದ್ದಲು ಪೆನ್ನು ತೆಗೆದವಳು ಮತ್ತೆ ಒಳಗಿಟ್ಟೆ. ರೊಟ್ಟಿ ಬಡಿದು, ತಮ್ಮನಿಗೆ ಉಣ್ಣಿಸಿ, ಗಂಟೆ ಹೊಡೆಯೋದರೊಳಗೆ ಕ್ಲಾಸಿನಲ್ಲಿರುತ್ತಾಳೆ. ಅದಕ್ಕಿಂತ ದೊಡ್ಡ ಸಾಲು ನಾನೇನು ಕೊಡಲಿ?

ಕಿಟಕಿ ಪಕ್ಕದವಳು ಬರೆದದ್ದು: “ಗೊತ್ತಾಗದಿದ್ರ ಕೇಳ್ತೀನಿ.” ಕೇಳಲು ಬಾಯಿ ಬಿಟ್ಟದ್ದು ಮಾತ್ರ ಎರಡು ವಾರ ಕಳೆದ ಮೇಲೆ.

ಅಕ್ಟೋಬರ್

ಧ್ಯಾನ ಅಂದ ಕೂಡಲೇ ಒಬ್ಬ “ಯಾವ ದೇವರದ್ರೀ?” ಅಂದ. ಆ ಹೆಸರು ಬಿಟ್ಟು ಉಸಿರಾಟ ಅಂದೆ, ಅದರಲ್ಲಿ ಆಟವೂ ಇದೆಯಲ್ವಾ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತೆ, ಅದಕ್ಕೇ ಬಿಡುವ ಎಣಿಕೆ ಉದ್ದ. ಸುಮ್ನೆ ನಂಬಬೇಡಿ, ಮಣಿಕಟ್ಟಿನ ನಾಡಿ ಹಿಡಿದು ನೋಡಿ ಅಂದೆ. ಹಿಂದಿನ ಬೆಂಚಿನಿಂದ “ಏ, ಖರೇನೇ ಸಾವಕಾಶ ಆತಲೇ!” ಅಂತ ಕೂಗು. ಆ ದಿನದಿಂದ ನಾನು ನೆನಪಿಸುವ ಕೆಲಸ ಉಳಿಯಲಿಲ್ಲ. ಕಣ್ಣು ಮುಚ್ಚಿದರೆ ಕಸಿವಿಸಿ ಅನ್ನುವ ಇಬ್ಬರು ಹೊರಗಿನ ಬೇವಿನ ಗಿಡ ನೋಡುತ್ತಾ ಕೂರುತ್ತಾರೆ.

ಡಿಸೆಂಬರ್

ತೊಗರಿ ರಾಶಿ. ಅರ್ಧ ಬೆಂಚು ಖಾಲಿ. ಬಂದವರೂ ಕಣ್ಣು ಮುಚ್ಚಿದರೆ ನಿದ್ದೆಗೆ ಜಾರುತ್ತಾರೆ. ಎಬ್ಬಿಸಲಿಲ್ಲ.

ಒಬ್ಬನಿಗೆ ಮಾತ್ರ ಎಷ್ಟೋ ದಿನದಿಂದ ರಾತ್ರಿ ನಿದ್ದೆಯೇ ಇಲ್ಲವಂತೆ. ಇದು ಸಾಲು ಬರೆದರೆ ಹೋಗುವ ಸಂಕಟವಲ್ಲ ಅನಿಸಿ, ಅವನ ಅಜ್ಜಿಯನ್ನು ಕೂರಿಸಿಕೊಂಡು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿದೆವು. 14416, ದುಡ್ಡು ಕೊಡಬೇಕಿಲ್ಲ. ಈಗ ನಂಬರ್ ಕ್ಲಾಸಿನ ಗೋಡೆ ಮೇಲಿದೆ.

ಜನವರಿ

ಇದರಿಂದ ಮಾರ್ಕ್ಸ್ ಏರುತ್ತೆ ಅಂತ ಹೆಡ್‌ಮಾಸ್ತರರಿಗೆ ನಾನು ಹೇಳಿಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ ಮಕ್ಕಳಿಗೆ ಇಂಥದೇ ಧ್ಯಾನ ಕಲಿಸಿ ನೋಡಿದ್ದರು. ಮಾಮೂಲಿ ಪಾಠಕ್ಕಿಂತ ಅದು ಮನಸ್ಸಿಗೆ ಜಾಸ್ತಿ ಒಳ್ಳೆಯದು ಮಾಡಲಿಲ್ಲ ಅಂತ 2022ರಲ್ಲಿ ವರದಿ ಬಂತು. ಅದನ್ನೂ ಅವರಿಗೆ ಓದಿ ಹೇಳಿದ್ದೇನೆ. “ಐದು ನಿಮಿಷ ತಾನೇ, ಇರಲಿ ಬಿಡ್ರಿ” ಅಂದರು.

ಮೊದಲ ಪ್ರಿಪರೇಟರಿ ಮುಗಿದಿದೆ. ಕಿಟಕಿ ಪಕ್ಕದವಳಿಗೆ ಗಣಿತದಲ್ಲಿ 80ಕ್ಕೆ 31. ಕೊನೆ ಹಾಳೆಯಲ್ಲಿ ಹೊಸ ಸಾಲು ಬಂದಿದೆ: “ಪೇಪರ್ ನೋಡಿ ಕೈ ನಡುಗಿತು. ಆದ್ರ ಮೂರು ತಾಸೂ ಕುಂತೆ.” ತ್ರಿಕೋನಮಿತಿಯ ಒಂದು ಲೆಕ್ಕವನ್ನೂ ಮುಟ್ಟಿಲ್ಲ. ಸೋಮವಾರ ಅಲ್ಲಿಂದಲೇ ಶುರು.