‘ಆರು ತಿಂಗಳು ಹೊರಗಿದ್ರೆ ಟ್ಯಾಕ್ಸ್ ಇಲ್ಲ ಅಲ್ವಾ?’ ಅಂತ ಕೇಳುವವರಿಗೆ

ಭಟ್ಕಳದಿಂದ ಕಾರವಾರದವರೆಗೆ ಗಲ್ಫಿಗೆ ಹೋದವರು, ಹಡಗು ಹತ್ತಿದವರು ಇಲ್ಲದ ಊರಿಲ್ಲ. ಎಲ್ಲರೂ ಕೇಳುವುದು ಮೇಲಿನ ಪ್ರಶ್ನೆಯನ್ನೇ. ಮಾರಾಯ್ರೆ, ಈ ‘ಆರು ತಿಂಗಳು’ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಕಾನೂನು ಎಣಿಸುವುದು ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ನೀವು ಭಾರತದಲ್ಲಿ ಕಳೆದ ದಿನಗಳನ್ನು.

ಕೆಲಸಕ್ಕೆಂದು ದೇಶ ಬಿಡುವ ಭಾರತೀಯ ಪ್ರಜೆಗೆ ಗಡಿ 182 ದಿನ. ಸೆಪ್ಟೆಂಬರ್ 28ಕ್ಕೆ ವಿಮಾನ ಹತ್ತಿದರೆ, ಹೊರಟ ದಿನವೂ ಸೇರಿ 181; ಆ ವರ್ಷ ನೀವು ಅನಿವಾಸಿ (ನಾನ್-ರೆಸಿಡೆಂಟ್). 29ಕ್ಕೆ ಹತ್ತಿದರೆ 182, ರೆಸಿಡೆಂಟ್. ಆಗ ದುಬೈ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲದ ಕಾರಣ ಇಲ್ಲಿನ ತೆರಿಗೆಯಿಂದ ಕಳೆಯಲೂ ಏನೂ ಇರುವುದಿಲ್ಲ. ಎಡವುವುದು ನಡುವಿನ ರಜೆಯಲ್ಲಿ. ಸೆಪ್ಟೆಂಬರ್ 20ಕ್ಕೆ ಹೋದವರದ್ದು 173 ದಿನ. ಡಿಸೆಂಬರಿನಲ್ಲಿ ತಂಗಿ ಮದುವೆಗೆ ಬಂದು ಹತ್ತು ದಿನ ಉಳಿದರೆ 183.

ಹಡಗಿನವರ ಲೆಕ್ಕ ಬೇರೆ. ಭಾರತದ ಬಂದರಿನಿಂದ ವಿದೇಶದ ಬಂದರಿಗೆ ಹೋಗುವ ಹಡಗಾದರೆ, ಸಿಡಿಸಿಯಲ್ಲಿ (ನಾವಿಕರ ಸೇವಾ ಪುಸ್ತಕ) ಬಿದ್ದ ಸೈನ್ ಆನ್, ಅಂದರೆ ಹಡಗು ಸೇರಿದ ತಾರೀಖಿನಿಂದ ಸೈನ್ ಆಫ್, ಅಂದರೆ ಇಳಿದ ತಾರೀಖಿನವರೆಗಿನ ದಿನಗಳು ಭಾರತದ ಲೆಕ್ಕಕ್ಕೆ ಬರುವುದಿಲ್ಲ. ಹಡಗು ನಮ್ಮದೇ ನೀರಿನಲ್ಲಿ ಲಂಗರು ಹಾಕಿ ನಿಂತಿದ್ದರೂ ಅಷ್ಟೆ. ನಮ್ಮ ಬಂದರುಗಳ ನಡುವೆಯೇ ಓಡುವ ಹಡಗಿಗೆ ಈ ರಿಯಾಯಿತಿ ಇಲ್ಲ. ವಿಮಾನದಲ್ಲಿ ಸಿಂಗಾಪುರಕ್ಕೆ ಹೋಗಿ ಹಡಗು ಸೇರಿದವರಿಗೆ ಪಾಸ್‌ಪೋರ್ಟಿನ ಇಮಿಗ್ರೇಶನ್ ಮುದ್ರೆಯೇ ಆಧಾರ. ಆ ಮುದ್ರೆ ಎಷ್ಟೋ ಸಲ ಅರ್ಧವೇ ಬಿದ್ದಿರುತ್ತದೆ, 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಕೌಂಟರಿನ ಎದುರೇ ನೋಡಿಕೊಳ್ಳಿ, ಸಿಡಿಸಿಯ ಪುಟಗಳ ಫೋಟೊವನ್ನೂ ಇಟ್ಟುಕೊಳ್ಳಿ.

‘ನನ್ನದು ಎನ್‌ಆರ್‌ಇ ಖಾತೆ (ಅನಿವಾಸಿಗಳು ವಿದೇಶದ ದುಡಿಮೆಯನ್ನು ಇಲ್ಲಿ ಇಡುವ ಖಾತೆ), ಮತ್ತೆಂಥ ಟ್ಯಾಕ್ಸ್?’ ಅನ್ನುವವರೂ ಇದ್ದಾರೆ. ಬ್ಯಾಂಕು ಖಾತೆ ಕೊಡುವುದು ವಿದೇಶಿ ವಿನಿಮಯದ ಫೆಮಾ ಕಾಯ್ದೆ ನೋಡಿ, ತೆರಿಗೆಯವರು ನೋಡುವುದು ದಿನ. ವಿದೇಶಕ್ಕೆ ಹೋಗುವ ಹಡಗಿನಲ್ಲಿ ದುಡಿದವರ ಸಂಬಳ ಇಲ್ಲಿನ ಎನ್‌ಆರ್‌ಇ ಖಾತೆಗೆ ಬಿದ್ದರೂ ತೆರಿಗೆ ಇಲ್ಲ ಎಂದು 2017ರಲ್ಲಿ ಸುತ್ತೋಲೆ ಬಂದಿದ್ದು ನಿಜ. ಅದು ಆ ವರ್ಷ ಅನಿವಾಸಿ ಆದವರಿಗೆ ಮಾತ್ರ.

ಶಿರಸಿ ಕಡೆಯವರು ಅಮೆರಿಕದಿಂದ ಅಡಿಕೆ ಕೊಯ್ಲಿಗೆಂದು ಬಂದು ಉಳಿಯುವುದುಂಟು. ಇಲ್ಲಿನ ಆದಾಯ 15 ಲಕ್ಷ ದಾಟಿ, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿ ಇದ್ದವರಿಗೆ ಗಡಿ 120 ದಿನಕ್ಕೆ ಇಳಿಯುತ್ತದೆ. ತೋಟದ ಆದಾಯ ಕೃಷಿಯದ್ದು, ಆ 15 ಲಕ್ಷಕ್ಕೆ ಸೇರದು. ಮನೆ ಬಾಡಿಗೆ, ಎನ್‌ಆರ್‌ಒ (ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ) ಠೇವಣಿಯ ಬಡ್ಡಿ, ಷೇರಿನ ಲಾಭ ಸೇರುತ್ತವೆ. 120 ಮುಟ್ಟಿಯೂ 182 ಮುಟ್ಟದಿದ್ದರೆ ಆರ್‌ಎನ್‌ಒಆರ್ (ರೆಸಿಡೆಂಟ್ ಆದರೂ ‘ಸಾಮಾನ್ಯ ನಿವಾಸಿ’ ಅಲ್ಲದವರು) ಆಗುತ್ತೀರಿ; ಆಗ ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ, ಹೆದರಬೇಡಿ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ‘ಟಿಕೆಟ್ ಯಾವ ತಾರೀಖಿಗೆ ಮಾಡಿಸಲಿ?’ ಜುಲೈಯಲ್ಲಿ ರಿಟರ್ನ್ ತುಂಬಲು ಬಂದಾಗ ಕಳೆದ ವರ್ಷದ ದಿನಗಳನ್ನು ಯಾರೂ ತಿದ್ದಲಾರರು. ಏಪ್ರಿಲ್ 1ರಿಂದ ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿ ಹಾಳೆಯ ಮೇಲೆ ಬರೆಯಿರಿ. 181ಕ್ಕೆ ಸರಿಯಾಗಿ ಟಿಕೆಟ್ ಮಾಡಿಸಬೇಡಿ, ಹತ್ತು ದಿನ ಕೈಯಲ್ಲಿ ಇಟ್ಟುಕೊಳ್ಳಿ. ವೀಸಾ ತಡವಾಗುತ್ತದೆ, ಹಡಗಿನ ಜಾಯಿನಿಂಗ್ ಮುಂದಕ್ಕೆ ಹೋಗುತ್ತದೆ.