ಕನ್ನಡದಲ್ಲಿ ಬಾಲ, ಇಂಗ್ಲಿಷ್‌ನಲ್ಲಿ ತಲೆ: ಅಡ್ವರ್ಬ್ ಕ್ಲಾಜ್ ಕಲಿಸುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಆಫೀಸುಗಳಿಗೆ ಕೆಲಸಕ್ಕೆ ಸೇರಿದವರಿಗೆ ಇಂಗ್ಲಿಷ್ ಕಲಿಸುವಾಗ ಅಡ್ವರ್ಬ್ ಕ್ಲಾಜ್ (ಮುಖ್ಯವಾಕ್ಯದ ಕೆಲಸ ಯಾವಾಗ, ಯಾಕೆ, ಏನಾದರೆ ನಡೆಯುತ್ತದೆ ಎಂದು ಹೇಳುವ ಉಪವಾಕ್ಯ) ಪಾಠ ಹೆಚ್ಚಾಗಿ ಒಂದು ಪಟ್ಟಿಯಿಂದ ಶುರುವಾಗುತ್ತದೆ: ವೆನ್, ವೈಲ್, ಇಫ್, ಅನ್ಲೆಸ್, ಬಿಕಾಸ್, ಆಲ್ದೋ. (ಮೊದಲ ದಿನವೇ ಹೇಳಿಬಿಡಬೇಕು, ಇದು ‘ಕ್ಲಾಜ್’, ‘ಕ್ಲಾಸ್’ ಅಂದರೆ ನಾವು ಕೂತಿರುವ ಕೋಣೆ.) ಪಟ್ಟಿ ಬಾಯಿಪಾಠವಾಗುತ್ತದೆ, ಮಾರನೇ ದಿನ ಮೇಲ್ ಬರೆಯಲು ಕೂತರೆ ಕೈಕೊಡುತ್ತದೆ. ಈ ಬಗೆಯ ವಾಕ್ಯ ಕಲಿಯುವವರಿಗೆ ಹೊಸದೇನಲ್ಲ. ‘ಮಳೆ ಬಂದ್ರೆ ಬರಲ್ಲ’ ಅನ್ನುವ ಪುಟ್ಟ ಮಗುವೂ ಆಡುತ್ತಿರುವುದು ಇಂಥದೇ ವಾಕ್ಯ. ಗೊತ್ತಿಲ್ಲದೆ ಇರುವುದು ಕೊಂಡಿ, ಅಂದರೆ ಎರಡು ವಾಕ್ಯಗಳನ್ನು ಬೆಸೆಯುವ ಪದ ಅಥವಾ ಪ್ರತ್ಯಯ, ಎಲ್ಲಿ ಕೂರುತ್ತದೆ ಎಂಬುದು.

ಕನ್ನಡದಲ್ಲಿ ಕೊಂಡಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ: ಬಂದಾಗ, ಬಂದರೆ, ಬಂದರೂ, ಬಂದಿದ್ದರಿಂದ, ಬರಲಿ ಅಂತ, ಬರೋ ತನಕ. ಬಾಲ ಅಂಟಿದ ಕ್ರಿಯಾಪದ ಅಪೂರ್ಣ. ಯಾರು, ಯಾವಾಗ ಎಂಬುದನ್ನು ಕೊನೆಯ ಪೂರ್ಣ ಕ್ರಿಯಾಪದ ನೋಡಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಕೊಂಡಿ ಬೇರೆಯೇ ಪದ, ಉಪವಾಕ್ಯದ ತಲೆಯ ಮೇಲೆ ಕೂರುತ್ತದೆ. ಅದರ ಹಿಂದೆ ಸ್ವಂತ ಕರ್ತೃ, ಸ್ವಂತ ಪೂರ್ಣ ಕ್ರಿಯಾಪದ ಇರಲೇಬೇಕು. ಹಾಗಾಗಿ ಪಾಠವನ್ನು ಪಟ್ಟಿಯ ಬದಲು ಬಾಲದಿಂದ ಶುರುಮಾಡುವುದು ಒಳ್ಳೆಯದು.

ಬೋರ್ಡಿನ ಮೇಲೆ ಒಂದು ವಾಕ್ಯ ಬರೆಯಿರಿ: ‘ಸರ್ವರ್ ಕೆಟ್ಟಿದ್ದರಿಂದ ಬಿಲ್ ಕಳಿಸೋಕಾಗಲಿಲ್ಲ.’ ಮೊದಲು ಬಾಲಕ್ಕೆ ಅಡಿಗೆರೆ ಎಳೆಸಿ, ‘ಇದ್ದರಿಂದ’. ಅದನ್ನು ಕತ್ತರಿಸಿ ‘ಬಿಕಾಸ್’ ಮಾಡಿ ಮುಂದಕ್ಕೆ ತನ್ನಿ. ಉಳಿದ ‘ಕೆಟ್ಟ’ ಎಂಬ ತುಂಡಿಗೆ ಪೂರ್ಣ ಕ್ರಿಯಾಪದ ಕೊಡಿ: ‘ಬಿಕಾಸ್ ದ ಸರ್ವರ್ ವಾಸ್ ಡೌನ್’. ಈಗ ಎರಡನೇ ತುಂಡು. ಕಳಿಸೋಕಾಗದೆ ಇದ್ದದ್ದು ಯಾರಿಗೆ? ಕನ್ನಡ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಇಂಗ್ಲಿಷ್ ಕೇಳುತ್ತದೆ: ‘ವಿ ಕುಡ್ ನಾಟ್ ಸೆಂಡ್ ದ ಬಿಲ್’. ಉಪವಾಕ್ಯ ಮೊದಲು ಬಂದರೆ ನಡುವೆ ಅಲ್ಪವಿರಾಮ, ಹಿಂದೆ ಹೋದರೆ ಸಾಮಾನ್ಯವಾಗಿ ಬೇಡ. ಕರ್ತೃ ಹುಡುಕುವ ಈ ಹೆಜ್ಜೆಯನ್ನು ಅವಸರದಲ್ಲಿ ದಾಟಿದರೆ ‘ಇಫ್ ರೇನ್ ಕಮಿಂಗ್, ನಾಟ್ ಕಮಿಂಗ್’ ತಪ್ಪಿದ್ದಲ್ಲ.

ತಿದ್ದುವಾಗ ಒಂದು ಲೆಕ್ಕ ಕೈಲಿರಲಿ: ವಾಕ್ಯದಲ್ಲಿ ಎಷ್ಟು ಪೂರ್ಣ ಕ್ರಿಯಾಪದ ಇವೆಯೋ ಅದಕ್ಕಿಂತ ಒಂದು ಕಡಿಮೆ ಕೊಂಡಿ. ಎರಡು ಕ್ರಿಯಾಪದಕ್ಕೆ ಒಂದು ಕೊಂಡಿ. ‘ಆಲ್ದೋ ಇಟ್ ವಾಸ್ ಲೇಟ್, ಬಟ್ ಹಿ ಕೇಮ್’, ‘ಬಿಕಾಸ್ ಐ ವಾಸ್ ಸಿಕ್, ಸೋ ಐ ಟುಕ್ ಲೀವ್’, ಇವೆರಡೂ ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತವೆ. ‘ಸ್ಟಿಲ್’ ಮಾತ್ರ ಕೊಂಡಿಯಲ್ಲ, ಆಲ್ದೋ ಜತೆಗೆ ಅದು ಬಂದರೆ ತಪ್ಪು ಹಾಕಬೇಡಿ. ಇದರ ತಿರುಗುಮುರುಗು ತಪ್ಪು ಮೇಲ್‌ಗಳಲ್ಲಿ ಹೆಚ್ಚು: ‘ವಿ ಕುಡ್ ನಾಟ್ ಸೆಂಡ್ ದ ಬಿಲ್’ ಎಂದು ಬರೆದು ಫುಲ್‌ಸ್ಟಾಪ್, ಆಮೇಲೆ ‘ಬಿಕಾಸ್ ದ ಸರ್ವರ್ ವಾಸ್ ಡೌನ್’ ಎಂದು ಬರೆದು ಮತ್ತೊಂದು ಫುಲ್‌ಸ್ಟಾಪ್. ‘ಯಾಕಂದ್ರೆ ಸರ್ವರ್ ಕೆಟ್ಟಿತ್ತು’ ಎಂಬುದು ಕನ್ನಡದಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಅದಕ್ಕೇ ಈ ತಪ್ಪು. ಮಾತಿನಲ್ಲಿ ‘ವೈ?’ ಎಂದು ಕೇಳಿದಾಗ ಉತ್ತರವಾಗಿ ಅಷ್ಟೇ ಹೇಳಿದರೆ ನಡೆಯುತ್ತದೆ, ಬರಹದಲ್ಲಿ ಎರಡನ್ನೂ ಸೇರಿಸಬೇಕು.

ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಕಾಲಕ್ಕೆ. ‘ವೆನ್ ಐ ವಿಲ್ ರೀಚ್ ಮೆಜೆಸ್ಟಿಕ್, ಐ ವಿಲ್ ಕಾಲ್ ಯು’ ಎಂಬುದನ್ನು ‘ಉಪವಾಕ್ಯದಲ್ಲಿ ವಿಲ್ ಹಾಕಬಾರದು’ ಎಂಬ ನಿಯಮ ಹೇಳಿ ತಿದ್ದುವವರೇ ಹೆಚ್ಚು. ನಿಯಮ ಒಂದು ವಾರ ನಿಲ್ಲುತ್ತದೆ. ಅದರ ಬದಲು ‘ಮೆಜೆಸ್ಟಿಕ್ ತಲುಪಿದ ಮೇಲೆ ಫೋನ್ ಮಾಡ್ತೀನಿ’ ಎಂದು ಬರೆದು, ‘ತಲುಪಿದ’ ಯಾವ ಕಾಲದ ರೂಪ ಎಂದು ಕೇಳಿ. ಭೂತಕಾಲ. ಆದರೆ ಇನ್ನೂ ತಲುಪಿಲ್ಲವಲ್ಲ! ಕನ್ನಡವೂ ಮುಂದಾಗುವುದನ್ನು ಎರಡು ಸಲ ಹೇಳುವುದಿಲ್ಲ, ಕೊನೆಯ ‘ಮಾಡ್ತೀನಿ’ಗೆ ಬಿಟ್ಟುಬಿಡುತ್ತದೆ. ಇಂಗ್ಲಿಷ್‌ನದೂ ಅದೇ ಜಿಪುಣತನ, ವಿಲ್ ಒಂದೇ ಸಲ, ಮುಖ್ಯವಾಕ್ಯದಲ್ಲಿ: ‘ವೆನ್ ಐ ರೀಚ್ ಮೆಜೆಸ್ಟಿಕ್, ಐ ವಿಲ್ ಕಾಲ್ ಯು’. ವ್ಯತ್ಯಾಸ ಇಷ್ಟೇ, ಕನ್ನಡದ ಉಪವಾಕ್ಯ ಭೂತಕಾಲದ ಬುಡ ಹಿಡಿಯುತ್ತದೆ, ಇಂಗ್ಲಿಷ್ ವರ್ತಮಾನ ಹಿಡಿಯುತ್ತದೆ.

ಆಗ ಚುರುಕಾದವರು ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿ ತಾನೆ, ಅಲ್ಲಿ ವಿಲ್ ಇದೆಯಲ್ಲ ಮೇಡಂ? ಇದಕ್ಕೂ ಉತ್ತರ ಕನ್ನಡದಲ್ಲೇ ಇದೆ. ಅದು ‘ಅವರು ಯಾವಾಗ ಬರ್ತಾರೋ ಗೊತ್ತಿಲ್ಲ’. ಕನ್ನಡದಲ್ಲಿ ‘ಯಾವಾಗ’ ಬಂದರೆ ವಿಲ್ ಇರಬಹುದು. ‘ಬಂದಾಗ’ ಬಂದರೆ ವಿಲ್ ಬೇಡ. ಮೊದಲನೆಯದು ಅಡ್ವರ್ಬ್ ಕ್ಲಾಜೇ ಅಲ್ಲ, ನಾಮಪದದ ಕೆಲಸ ಮಾಡುವ ಉಪವಾಕ್ಯ. ಹೆಸರು ಹೇಳದಿದ್ದರೂ ಈ ಪರೀಕ್ಷೆ ಸಾಕು.

‘ಬಂದರೂ’ ಇನ್ನೊಂದು ಗಂಟು. ಕನ್ನಡದ ಒಂದು ಬಾಲಕ್ಕೆ ಇಂಗ್ಲಿಷ್‌ನಲ್ಲಿ ಎರಡು ತಲೆ. ‘ಮಳೆ ಬಂದರೂ ಮ್ಯಾಚ್ ನಡೀತು’: ಮಳೆ ಬಂದದ್ದು ನಿಜ, ಆದ್ದರಿಂದ ‘ಈವನ್ ದೋ ಇಟ್ ರೇನ್ಡ್’. ‘ಮಳೆ ಬಂದರೂ ಮ್ಯಾಚ್ ನಡೆಯುತ್ತೆ’: ಬರಬಹುದು, ಬರದೆಯೂ ಇರಬಹುದು, ಆದ್ದರಿಂದ ‘ಈವನ್ ಇಫ್ ಇಟ್ ರೇನ್ಸ್’. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಇರುವುದರಿಂದ ಈ ಎರಡೂ ವಾಕ್ಯ ಬೆಂಗಳೂರಿನವರಿಗೆ ವಿವರಣೆ ಬೇಡದೆ ಅರ್ಥವಾಗುತ್ತವೆ. ಯಾವ ತಲೆ ಎಂದು ತಿಳಿಯಲು ಬಾಲ ನೋಡಿ ಪ್ರಯೋಜನವಿಲ್ಲ, ಕೊನೆಯ ಕ್ರಿಯಾಪದ ನೋಡಬೇಕು.

ಇನ್ನು ‘ಇನ್ ಕೇಸ್’ ಅನ್ನು ‘ಇಫ್’ ಜಾಗದಲ್ಲಿ ಬಳಸುವುದು. ‘ಮಳೆ ಬಂದ್ರೆ ಛತ್ರಿ ಬಿಚ್ಚು’ ಎಂಬುದು ಇಫ್. ‘ಮಳೆ ಬಂದ್ರೆ ಇರಲಿ ಅಂತ ಛತ್ರಿ ತಗೊಂಡು ಹೋಗು’ ಎಂಬುದು ಇನ್ ಕೇಸ್. ‘ಇರಲಿ ಅಂತ’ ಸೇರಿಸಿದರೆ ಅರ್ಥ ಕೂಡುತ್ತದೆಯೇ ಎಂದು ನೋಡಿದರೆ ಮುಗಿಯಿತು. ಹಾಗೆಯೇ ಬರಿಯ ‘ಲಿ ಅಂತ’ ಇದ್ದರೆ ‘ಸೋ ದಟ್’: ‘ಸೀಟ್ ಸಿಗಲಿ ಅಂತ ಬೇಗ ಹೊರಟೆ’ ಎಂಬುದು ‘ಐ ಲೆಫ್ಟ್ ಅರ್ಲಿ ಸೋ ದಟ್ ಐ ಕುಡ್ ಗೆಟ್ ಎ ಸೀಟ್’. ಇಲ್ಲಿ ‘ಕುಡ್’ ಬಿಟ್ಟುಹೋಗುವುದು ವಾಡಿಕೆ.

‘ಅನ್ಲೆಸ್ ಯು ಡೋಂಟ್ ಪೇ’ ಎಂಬುದು ‘ಕಟ್ಟದಿದ್ದರೆ’ಯ ‘ದ’ ಮಾಡುವ ಕಿತಾಪತಿ. ಆ ನಿಷೇಧ ಅನ್ಲೆಸ್ ಹೊಟ್ಟೆಯೊಳಗೇ ಇದೆ. ಆದರೆ ‘ಅಂಟಿಲ್ ಐ ಡೋಂಟ್ ಕಮ್, ವೇಟ್ ಹಿಯರ್’ ಎಂಬುದಕ್ಕೆ ಕನ್ನಡವನ್ನು ದೂರಬೇಡಿ. ನಮ್ಮಲ್ಲಿ ‘ನಾನು ಬರೋ ತನಕ ಇಲ್ಲೇ ಇರು’ ಅಷ್ಟೇ, ‘ಇಲ್ಲ’ ಎಲ್ಲಿದೆ? ಅದು ಹಿಂದಿಯ ‘ಜಬ್ ತಕ್ ನಹೀಂ’ ದಾರಿಯಿಂದ ಆಫೀಸಿನ ಇಂಗ್ಲಿಷ್‌ಗೆ ಹೊಕ್ಕದ್ದು. ಕನ್ನಡದಲ್ಲಿ ಯೋಚಿಸಿದವರೇ ಇಲ್ಲಿ ಸರಿಯಾಗಿ ಬರೆಯುತ್ತಾರೆ.

‘ಸಿನ್ಸ್’ ವಿಷಯದಲ್ಲೂ ಕನ್ನಡವೇ ಸ್ಪಷ್ಟ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ನಡುವೆ ಹಳದಿ ಮೆಟ್ರೋ ಶುರುವಾಯಿತಲ್ಲ, ಅದನ್ನೇ ತಗೊಳ್ಳಿ. ‘ಶುರುವಾದಾಗಿನಿಂದ’ ಎಂದರೆ ಕಾಲ, ‘ಶುರುವಾಗಿರುವುದರಿಂದ’ ಎಂದರೆ ಕಾರಣ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಸಿನ್ಸ್ ನಡೆಯುತ್ತದೆ. ಕಾಲದ ಅರ್ಥದಲ್ಲಾದರೆ ಮುಖ್ಯವಾಕ್ಯಕ್ಕೆ ಸಾಮಾನ್ಯವಾಗಿ ‘ಹ್ಯಾವ್’ ಬೇಕು: ‘ಸಿನ್ಸ್ ದ ಯೆಲ್ಲೋ ಲೈನ್ ಓಪನ್ಡ್, ಐ ಹ್ಯಾವ್ ಸ್ಟಾಪ್ಡ್ ಟೇಕಿಂಗ್ ದ ಬಸ್’. ಕಾರಣಕ್ಕೆ ಮೊದಮೊದಲು ಬಿಕಾಸ್ ಒಂದೇ ಕೊಡುವುದು ಲೇಸು.

ಚೂರು ಮುಂದುವರಿದವರಿಗೆ ಒಂದು ಗುಂಡಿ ಇದೆ. ‘ರಸ್ತೆ ದಾಟುವಾಗ ಫೋನ್ ಬಿತ್ತು’ ಕನ್ನಡದಲ್ಲಿ ಚೆನ್ನಾಗಿದೆ. ‘ವೈಲ್ ಕ್ರಾಸಿಂಗ್ ದ ರೋಡ್, ಮೈ ಫೋನ್ ಫೆಲ್’ ಎಂದರೆ ಫೋನೇ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿದಂತಾಗುತ್ತದೆ. ಎರಡು ತುಂಡಿನ ಕರ್ತೃ ಬೇರೆಯಾದರೆ ‘ವೈಲ್ ಐ ವಾಸ್ ಕ್ರಾಸಿಂಗ್’ ಎಂದು ಬಿಡಿಸಿ ಬರೆಸಿ. ‘ಡ್ಯೂರಿಂಗ್’, ‘ಡಿಸ್ಪೈಟ್’, ‘ಬಿಕಾಸ್ ಆಫ್’ ಇವು ಬೇರೆ ಜಾತಿ, ಹಿಂದೆ ನಾಮಪದ ಮಾತ್ರ. ‘ಡಿಸ್ಪೈಟ್ ಇಟ್ ವಾಸ್ ರೇನಿಂಗ್’ ಆಗದು, ‘ಡಿಸ್ಪೈಟ್ ದ ರೇನ್’.

ಒಂದು ಗಂಟೆಯ ತರಗತಿಗೆ ಮೂರೇ ಬಾಲ ಸಾಕು: ‘ಆಗ’, ‘ರೆ’, ‘ಇದ್ದರಿಂದ’. ‘ರೂ’ ಎರಡನೇ ದಿನಕ್ಕೆ. 12 ಕನ್ನಡ ವಾಕ್ಯಗಳನ್ನು ಚೀಟಿಯಲ್ಲಿ ಬರೆದು, ಒಂದೊಂದನ್ನೂ ಬಾಲದ ಹಿಂದೆ ಕತ್ತರಿಸಿ, ಇಬ್ಬಿಬ್ಬರಿಗೆ ನಾಲ್ಕು ನಾಲ್ಕು ಹಂಚಿ. ಮೊದಲು ಕನ್ನಡದ ತುಂಡುಗಳನ್ನು ಜೋಡಿಸಲಿ, ಆಮೇಲೆ ಇಂಗ್ಲಿಷ್ ಮಾಡಲಿ, ಕೊನೆಗೆ ತುಂಡುಗಳನ್ನು ಹಿಂದುಮುಂದು ಮಾಡಿ ಅಲ್ಪವಿರಾಮ ತೆಗೆಯಲಿ. ವಾಕ್ಯಗಳು ಅವರ ಕೆಲಸದವೇ ಆಗಿರಲಿ: ರಜೆ, ಬಿಲ್, ಕರೆಂಟ್ ಹೋದದ್ದು, ಬಸ್ ತಡವಾದದ್ದು. ತಿದ್ದುವಾಗ ಆ ದಿನ ಕೊಂಡಿ, ಕರ್ತೃ, ಕಾಲ ಇವಕ್ಕೆ ಮಾತ್ರ ಸುತ್ತು ಹಾಕಿ. ‘ದ’, ‘ಎ’ ತಪ್ಪುಗಳಿಗೂ ಕೆಂಪು ಬಳಿದರೆ ಹಾಳೆ ತುಂಬ ಕೆಂಪೇ ಕಾಣುತ್ತದೆ, ಕೊಂಡಿ ಎಲ್ಲಿತ್ತು ಎಂಬುದೇ ಕಾಣುವುದಿಲ್ಲ.